ಕನ್ನಡಕವೋ, ಲೇಸಿಕ್ಕೋ, ಪಿಆರ್‌ಕೆಯೋ?

ಲೇಸಿಕ್, ಪಿಆರ್‌ಕೆ ಎರಡೂ ಕನ್ನಡಕ ಬಿಡಿಸಲು ಕಣ್ಣಿಗೆ ಮಾಡುವ ಲೇಸರ್ ಆಪರೇಷನ್‌ಗಳು. ಮೊದಲು ಕನ್ನಡಕದ ಮಾತು ಮುಗಿಸಿಬಿಡೋಣ. ಅದರಿಂದ ನಿಮಗೆ ತೊಂದರೆ ಇಲ್ಲವಾದರೆ ಸುಮ್ನೆ ಆಪರೇಷನ್ ಯಾಕೆ? ಪವರ್ ಬದಲಾದರೆ ಗ್ಲಾಸ್ ಬದಲಿಸಬಹುದು. ಲೇಸರ್ ತೆಗೆದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮತ್ತೆ ಬೆಳೆಯುವುದಿಲ್ಲ.

ಲೇಸರೇ ಬೇಕು ಅನ್ನುವವರು ತೂಗಿ ನೋಡಬೇಕಾದದ್ದು ಲೇಸಿಕ್ ಮತ್ತು ಪಿಆರ್‌ಕೆ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲೆ ತೆಳುವಾದ ಪದರ ಕತ್ತರಿಸಿ, ಒಂದು ಅಂಚು ಹಾಗೇ ಬಿಟ್ಟು, ಪುಸ್ತಕದ ಪುಟದಂತೆ ಮಗುಚುತ್ತಾರೆ. ಅದರಡಿ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಹೆಚ್ಚಿನವರಿಗೆ ಮರುದಿನವೇ ಚೆನ್ನಾಗಿ ಕಾಣುತ್ತದೆ. ಪಿಆರ್‌ಕೆಯಲ್ಲಿ ಈ ಪದರ ಮಾಡುವುದಿಲ್ಲ. ತೀರಾ ಮೇಲಿನ ಪೊರೆಯನ್ನೇ ತೆಗೆದುಬಿಡುತ್ತಾರೆ. ಅದು ಮತ್ತೆ ಬೆಳೆಯುವ ಮೊದಲ 3–5 ದಿನ ಉರಿ, ನೋವು, ಕಣ್ಣಲ್ಲಿ ನೀರು. ನೋಟ ತಿಳಿಯಾಗಲು ವಾರಗಳೇ ಬೇಕು. ಆದರೂ ಕುಸ್ತಿ, ಬಾಕ್ಸಿಂಗ್ ಆಡುವವರಿಗೆ, ಕಾರ್ನಿಯಾ ಸ್ವಲ್ಪ ತೆಳುವಾಗಿರುವವರಿಗೆ ನನ್ನ ಓಟು ಪಿಆರ್‌ಕೆಗೇ. ಪೆಟ್ಟು ಬಿದ್ದರೆ ಜರುಗಲು ಅಲ್ಲಿ ಪದರವೇ ಇಲ್ಲವಲ್ಲ!

ರಾತ್ರಿ ದೀಪದ ಸುತ್ತ ಬಳೆಯಂತೆ ಬೆಳಕು ಕಾಣುವುದು ಎರಡರಲ್ಲೂ ಉಂಟು. ಕಣ್ಣು ಒಣಗುವ ಕಾಟ ಲೇಸಿಕ್‌ನಲ್ಲಿ ಜಾಸ್ತಿ.

18 ತುಂಬದವರು, ಕಳೆದೊಂದು ವರ್ಷದಲ್ಲಿ ಪವರ್ ಬದಲಾದವರು, ಬಸುರಿಯರು, ಹಾಲುಣಿಸುವವರು ಕಾಯಬೇಕು. ಕೆರಟೋಕೋನಸ್ (ಕಾರ್ನಿಯಾ ತೆಳುವಾಗುತ್ತಾ ಶಂಕುವಿನಂತೆ ಉಬ್ಬುವ ಕಾಯಿಲೆ) ಇದ್ದರೆ ಲೇಸಿಕ್ ಬೇಡವೇ ಬೇಡ.

ವಯಸ್ಸು 45ರ ಹತ್ತಿರವೇ? ದೂರದ ನೋಟ ಸರಿಮಾಡಿಸಿಕೊಂಡರೂ ಓದುವ ಕನ್ನಡಕ ತಪ್ಪುವುದಿಲ್ಲ. ಸಣ್ಣ ಮೈನಸ್ ಪವರ್ ಇರುವವರು ಈಗ ಕನ್ನಡಕ ತೆಗೆದು ಪೇಪರ್ ಓದುತ್ತಾರೆ ಅಲ್ವಾ, ಲೇಸರ್ ಆದಮೇಲೆ ಆ ಅನುಕೂಲವೂ ಹೋಗುತ್ತದೆ.