ತಂತಿ ಕೆಲಸದ ಬೆಳ್ಳಿ ಓಲೆಗೆ ಟೂತ್‌ಪೇಸ್ಟ್ ಹಚ್ಚಬೇಡಿ

ಕೈಯಲ್ಲಿ ಮಾಡಿದ ಬೆಳ್ಳಿ ಒಡವೆ ಮನೆಯಲ್ಲಿದ್ದರೆ, ಅದನ್ನು ಉಜ್ಜೋಕೆ ಕೂರುವ ಮೊದಲು ದಯವಿಟ್ಟು ಇದನ್ನು ಓದಿ. ನನ್ನ ಒಂದು ಜೊತೆ ಓಲೆ ಒಂದೇ ಮಧ್ಯಾಹ್ನದಲ್ಲಿ ಹಾಳಾಯಿತು. ಹಾಳು ಮಾಡಿದ್ದು ನಾನೇ.

ಅಕ್ಕ ಕೊಟ್ಟ ಓಲೆ ಅದು. ಕೂದಲೆಳೆಯಂಥ ಎರಡು ತಂತಿಗಳನ್ನು ಹೊಸೆದು, ಸುರುಳಿ ಸುತ್ತಿ, ಹೂವಿನ ಎಸಳು ಮಾಡಿದ್ದರು. ನಡುವೆ ಪುಟ್ಟ ಮುತ್ತು. ಪೊಟ್ಟಣ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ತೆಗೆದು ನೋಡಿದರೆ ಪೂರ್ತಿ ಕಪ್ಪು. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುವುದೇ ಗಂಧಕದಿಂದ ಅಂತ ಆಮೇಲೆ ಗೊತ್ತಾಯಿತು.

ಎಲ್ಲರೂ ಹೇಳ್ತಾರಲ್ವಾ ಅಂತ ಬ್ರಷ್‌ಗೆ ಟೂತ್‌ಪೇಸ್ಟ್ ಹಾಕಿ ತಿಕ್ಕಿದೆ. ಹೊಳಪು ಬಂತು, ಖುಷಿಯಾಯಿತು. ಬೆಳಕಿಗೆ ಹಿಡಿದಾಗ ಅಂಚಿನ ಪಟ್ಟಿ ತುಂಬ ಸಣ್ಣ ಸಣ್ಣ ಗೀರು. ಸುರುಳಿಗಳ ಸಂದಿಯಲ್ಲಿ ಬಿಳಿ ಪೇಸ್ಟ್ ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಕೆದಕಿದೆ. ಮೊನೆಗೆ ಎಸಳಿನ ತಂತಿ ಸಿಕ್ಕಿ, ಬೆಸುಗೆ ಬಿಟ್ಟು ಮೇಲೆದ್ದಿತು. ನಮ್ಮ ಹಲ್ಲಿನ ಮೇಲ್ಪದರ ಬೆಳ್ಳಿಗಿಂತ ಜಾಸ್ತಿ ಗಟ್ಟಿ. ಹಲ್ಲು ತಡೆದುಕೊಳ್ಳುವ ಪೇಸ್ಟನ್ನು ಬೆಳ್ಳಿ ತಡೆದುಕೊಳ್ಳುವುದಿಲ್ಲ.

ಅಲ್ಲಿಗೇ ಕೈಬಿಡಬೇಕಿತ್ತು. ಉಳಿದ ಕಪ್ಪು ಹೋಗಲಿ ಅಂತ ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರು, ಅಡುಗೆ ಸೋಡಾ ಹಾಕಿ ಓಲೆ ಮುಳುಗಿಸಿದೆ. ಈ ಉಪಾಯ ಸುಳ್ಳಲ್ಲ, ಸಾದಾ ಬೆಳ್ಳಿ ಚಮಚಕ್ಕೆ ನಡೆಯುತ್ತದೆ. ಆದರೆ ಯಾವ ಕಪ್ಪು ಬೇಕು, ಯಾವುದು ಬೇಡ ಅಂತ ಆ ನೀರಿಗೆ ಗೊತ್ತಾಗುವುದಿಲ್ಲ. ಓಲೆ ಮಾಡಿದವರು ಎಸಳಿನ ಬುಡಕ್ಕೆ ಬೇಕಂತಲೇ ಕಪ್ಪು ಕೊಟ್ಟಿದ್ದರು. ಹೂವು ಅರಳಿದ ಹಾಗೆ ಕಾಣುತ್ತಿದ್ದುದು ಆ ನೆರಳಿನಿಂದ. ಅದೂ ತೊಳೆದು ಹೋಯಿತು. ಹೂವು ಚಪ್ಪಟೆಯಾಗಿ, ತಗಡು ಕತ್ತರಿಸಿ ಮಾಡಿದ ಹಾಗೆ ಕಂಡಿತು. ಬಿಸಿಗೆ ಅಂಟು ಸಡಿಲವಾಗಿ ಒಂದು ಮುತ್ತು ಪಾತ್ರೆಯ ತಳದಲ್ಲಿ ಬಿದ್ದಿತ್ತು.

ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. "ಮುತ್ತು ಕೂರಿಸಬಹುದು, ಕಪ್ಪು ಮತ್ತೆ ಕೊಡಬಹುದು. ಸವೆದ ತಂತಿಯ ಹೊಸೆತ ಮಾತ್ರ ವಾಪಸ್ ಬರಲ್ಲಮ್ಮ" ಅಂದರು. ಎದ್ದ ತಂತಿಗೆ ಬೆಸುಗೆ ಹಾಕಲೂ ಹಿಂಜರಿದರು. ಕಾಯಿಸಿದರೆ ಪಕ್ಕದ ಬೆಸುಗೆಗಳೂ ಬಿಡಬಹುದಂತೆ.

ಈಗ ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು, ಚಿತ್ರ ಬರೆಯುವ ಮೆತ್ತನೆ ಬ್ರಷ್, ಅಷ್ಟೇ. ಮುತ್ತಿದ್ದರೆ ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಒಡವೆ ಅದ್ದಿ ತೆಗೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಆಮ್ಲ ಇರುತ್ತದೆ, ಅದು ಮುತ್ತಿನ ಮೈಯನ್ನೇ ತಿನ್ನುತ್ತದೆ. ಪಾಲಿಶ್ ಬಟ್ಟೆಯನ್ನು ಉಬ್ಬಿದ ಭಾಗಕ್ಕೆ ಮಾತ್ರ, ಒತ್ತದೆ ಆಡಿಸಿ. ಚಿನ್ನದ ಗಿಲೀಟು ಇದ್ದರೆ ಅದೂ ಬೇಡ, ಉಜ್ಜಿದಷ್ಟೂ ಪದರ ಸವೆಯುತ್ತದೆ. ಪಾಲಿಶ್ ಮಾಡುವ ಯಂತ್ರದ ತಿರುಗುವ ಬಫ್ ಚಕ್ರಕ್ಕೆ ತಂತಿ ಕೆಲಸವನ್ನೂ ಸಣ್ಣ ಸರವನ್ನೂ ಯಾವತ್ತೂ ಒಡ್ಡಬೇಡಿ, ಸಿಕ್ಕಿಸಿಕೊಂಡು ಕಿತ್ತೆಳೆಯುತ್ತದೆ.

ಕೈ ಹಾಕುವ ಮುಂಚೆ ಒಮ್ಮೆ ಬೆಳಕಿನಲ್ಲಿ ತಿರುಗಿಸಿ ನೋಡಿ. ಉಬ್ಬಿದ ಕಡೆ ಹೊಳೆಯುತ್ತಾ, ಕಪ್ಪು ಸಂದಿಯಲ್ಲಿ ಮಾತ್ರ ಒಂದೇ ಸಮನಾಗಿ ಕೂತಿದ್ದರೆ, ಅದನ್ನು ಹಾಗೇ ಬಿಡಿ.