ಪ್ರೋಟ್ರೇಯೋ ಲೋಟವೋ, ಗೂಟವೋ ಬಲೆಯೋ

ತರಕಾರಿ ಬೀಜಗಳನ್ನು ಮನೆಯೊಳಗೆ ಮೊಳೆಯಿಸಲು ಹೊರಟವರು ಮೊದಲು ಪ್ರೋಟ್ರೇ (ಸಾಲುಸಾಲಾಗಿ ಸಣ್ಣ ಗುಳಿಗಳಿರುವ ಸಸಿ ತಟ್ಟೆ) ಮತ್ತು ಬಿಡಿ ಕಾಗದದ ಲೋಟಗಳ ನಡುವೆ ಆರಿಸಿಕೊಳ್ಳಬೇಕಾಗುತ್ತದೆ. ಪ್ರೋಟ್ರೇಯಲ್ಲಿ ಅಂಗೈಯಗಲದ ಜಾಗದಲ್ಲೇ ಹಲವು ಸಸಿಗಳು ಏಳುತ್ತವೆಯಾದರೂ, ಒಂದೊಂದು ಗುಳಿ ಹಿಡಿಯುವ ಬಿತ್ತನೆ ಮಿಶ್ರಣ ಅತ್ಯಲ್ಪವಾದ್ದರಿಂದ ಅದು ಬೇಗನೆ ಒಣಗುತ್ತದೆ; ನಾಟಿ ತಡವಾದರೆ ಬೇರುಗಳು ಗುಳಿಯ ಗೋಡೆಗುಂಟ ಸುತ್ತಿಕೊಂಡು ಸಸಿ ಬೆಳವಣಿಗೆ ನಿಲ್ಲಿಸುತ್ತದೆ. 6ರಿಂದ 8 ವಾರ ಮನೆಯೊಳಗಿರಬೇಕಾದ ಟೊಮೆಟೊ, ಮೆಣಸಿನಕಾಯಿಗಳನ್ನು ಪ್ರೋಟ್ರೇಯಲ್ಲಿ ಮೊಳೆಯಿಸಿ, ಬೀಜದಳಗಳ ನಂತರ ಬರುವ ನಿಜವಾದ ಎಲೆಗಳು ಮೂಡಿದ ಮೇಲೆ ಲೋಟಕ್ಕೆ ಬದಲಿಸುವುದು ಮೇಲು. ಬೇರು ಕದಲಿದರೆ ಸೊರಗುವ ಸೌತೆ, ಕುಂಬಳಗಳಿಗೆ ಮಾತ್ರ ಆರಂಭದಿಂದಲೇ ಲೋಟವೇ ಸರಿ. ಅವುಗಳಿಗೆ 3ರಿಂದ 4 ವಾರ ಸಾಕು.

ಬೆಳಕಿನ ವಿಷಯದಲ್ಲಿ ಕಿಟಕಿಗಿಂತ ದೀಪವನ್ನೇ ನಾನು ಆರಿಸುತ್ತೇನೆ. ಕಿಟಕಿಯ ಸಸಿ ಒಂದೇ ಕಡೆಗೆ ವಾಲಿ, ಕಾಂಡ ಬಿಳಿಚಿಕೊಂಡು ನೀಳವಾಗುತ್ತದೆ. ಎಲ್‌ಇಡಿ ದೀಪವನ್ನು ಮೇಲಿನಿಂದ ದಿನಕ್ಕೆ 14ರಿಂದ 16 ಗಂಟೆ ಉರಿಸಿದರೆ ಅದೇ ಸಸಿ ಗಿಡ್ಡವಾಗಿ, ದಪ್ಪ ಕಾಂಡದೊಂದಿಗೆ ನಿಲ್ಲುತ್ತದೆ.

ಆಧಾರದ ಆಯ್ಕೆಯನ್ನು ಗಿಡದ ಸ್ವಭಾವವೇ ನಿರ್ಧರಿಸುತ್ತದೆ. ಎತ್ತರಕ್ಕೆ ಬೆಳೆಯುತ್ತಲೇ ಹೋಗುವ ಟೊಮೆಟೊ ತಳಿಗೆ ಸುಮಾರು 6 ಅಡಿಯ ಗೂಟ ಒಪ್ಪುತ್ತದೆ, ಆದರೆ ಪಕ್ಕದ ಕುಡಿಗಳನ್ನು ಚಿವುಟುತ್ತಾ, ಕಾಂಡಕ್ಕೂ ಗೂಟಕ್ಕೂ ನಡುವೆ ದಾರ ಇಂಗ್ಲಿಷ್ ಅಂಕಿ 8ರ ಆಕಾರದಲ್ಲಿ ಸಡಿಲವಾಗಿ ಬರುವಂತೆ ಆಗಾಗ ಕಟ್ಟುತ್ತಿರಬೇಕು. ಅಷ್ಟು ಬಿಡುವಿಲ್ಲದವರು ಪೊದೆಯಾಗಿ ಬೆಳೆಯುವ ಗಿಡ್ಡ ತಳಿಯನ್ನು ಹಾಕಿ, ಸುತ್ತ ತಂತಿಯ ಪಂಜರ ನಿಲ್ಲಿಸಬಹುದು. ಬಟಾಣಿಯ ಸಣ್ಣ ಕುಡಿಬಳ್ಳಿಗಳು ದಪ್ಪ ಗೂಟವನ್ನು ಸುತ್ತಲಾರವು, ಅದಕ್ಕೆ ಬಲೆಯೇ ಬೇಕು. ಯಾವುದನ್ನೇ ಆರಿಸಿದರೂ ನಾಟಿಯ ದಿನವೇ ನೆಟ್ಟುಬಿಡಬೇಕು, ಏಕೆಂದರೆ ಆಮೇಲೆ ಹೊಡೆದ ಗೂಟ ಬೇರುಗಳನ್ನು ಸೀಳಿಕೊಂಡೇ ಇಳಿಯುತ್ತದೆ.