ನಲ್ಲಿಯ ಗಡಸು ನೀರಿಗೆ ಯಾವ ಮದ್ದು ಕೆಲಸ ಮಾಡಿತು?

ನಲ್ಲಿಯ ತುದಿಗೆ ಬಿಳಿ ಹಕ್ಕಳೆ, ಶವರ್‌ನ ಅರ್ಧ ತೂತು ಬಂದ್, ಒಗೆದಷ್ಟೂ ಒರಟಾಗುವ ಟವಲ್. ನಮ್ಮ ಬಡಾವಣೆಯಲ್ಲಿ ಎಲ್ಲರ ಮನೆಯ ಗೋಳೂ ಇದೇ, ಮದ್ದು ಮಾತ್ರ ಮನೆಗೊಂದು. ಅವುಗಳಲ್ಲಿ ಕೆಲವನ್ನು ನಮ್ಮ ಮನೆಯಲ್ಲೂ ಹಾಕಿ ನೋಡಿದೆ. ಪ್ರತಿಯೊಂದಕ್ಕೂ ಕೇಳಿದ ಪ್ರಶ್ನೆ ಒಂದೇ: ಇದು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆಯುತ್ತದೋ ಇಲ್ಲವೋ? ನೀರು ಗಡಸಾಗುವುದು ಅವೆರಡರಿಂದಲೇ ಅಲ್ವಾ.

ಅಳೆಯಲು ಎಲ್ಲರೂ ಟಿಡಿಎಸ್ ಮೀಟರ್ ಅದ್ದುತ್ತಾರೆ. ಈ ಕೆಲಸಕ್ಕೆ ಅದು ಸರಿಯಾದ ಸಾಧನವಲ್ಲ. ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ಅಂದಾಜು ಮಾಡುತ್ತದೆ, ಯಾವುದು ಎಷ್ಟು ಅಂತ ಹೇಳುವುದಿಲ್ಲ. ನಾನು ಬಳಸಿದ್ದು ಹನಿ ಹಾಕಿ ನೋಡುವ ಕಿಟ್. ನೀರಿಗೆ ಬಣ್ಣದ ಪುಡಿ ಹಾಕಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಕೆಂಪು ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಬೇಕಾಯಿತು ಎನ್ನುವುದೇ ಗಡಸುತನದ ಲೆಕ್ಕ. ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೃದು, 180 ದಾಟಿದರೆ ತುಂಬಾ ಗಡಸು ಅನ್ನುತ್ತಾರೆ. ನಮ್ಮ ನಲ್ಲಿಯದು 300ರ ಆಸುಪಾಸು.

ಮೊದಲು ಪೈಪಿಗೆ ಕಟ್ಟುವ ಮ್ಯಾಗ್ನೆಟ್. ಪೈಪ್ ಕತ್ತರಿಸಬೇಕಿಲ್ಲ, ಕರೆಂಟ್ ಬೇಡ, ಉಪ್ಪು ಬೇಡ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಹನಿ ಲೆಕ್ಕ ಮಾತ್ರ ಕಟ್ಟುವ ಮುಂಚೆ ಎಷ್ಟಿತ್ತೋ ಕಟ್ಟಿದ ಮೇಲೂ ಅಷ್ಟೇ. ಮಾರುವವರ ವಾದ ಬೇರೆ: ಗಡಸುತನ ಕಡಿಮೆಯಾಗುವುದಿಲ್ಲ, ಆದರೆ ಸುಣ್ಣ ಅಂಟಿಕೊಳ್ಳುವುದಿಲ್ಲ ಅಂತ. ನಮ್ಮ ಕೆಟಲ್‌ನಲ್ಲಿ ಅದು ಎಂದಿನಂತೆ ಅಂಟಿಕೊಂಡಿತು.

ಶವರ್ ಫಿಲ್ಟರ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಒಳಗಿರುವುದು ಇದ್ದಿಲು ಮತ್ತು ಲೋಹದ ಹರಳು. ಕ್ಲೋರಿನ್ ವಾಸನೆ ಕಡಿಮೆಯಾಯಿತು, ಅದು ನಿಜ. ಆದರೆ ಗಡಸುತನ ಅದರ ಕೈಗೆ ಸಿಗುವ ವಿಷಯವೇ ಅಲ್ಲ. ಕೂದಲು ಒರಟಾಯಿತು ಅಂತ ಇದನ್ನು ಕೊಳ್ಳುವವರೇ ಜಾಸ್ತಿ. ಪಾಪ.

ಪಾಲಿಫಾಸ್ಫೇಟ್ ಹರಳು ತುಂಬಿದ ಕಾರ್ಟ್ರಿಜ್ ಇವೆರಡಕ್ಕಿಂತ ವಾಸಿ. ಇದೂ ಕ್ಯಾಲ್ಸಿಯಂ ತೆಗೆಯುವುದಿಲ್ಲ. ಆದರೆ ಸುಣ್ಣ ಹರಳುಗಟ್ಟಿ ಗಟ್ಟಿ ಪದರವಾಗದಂತೆ ತಡೆಯುತ್ತದೆ. ವಾಷಿಂಗ್ ಮೆಷೀನಿನ ಹಿಂದೆ ಹಾಕಿದ್ದು ಇನ್ನೂ ಅಲ್ಲೇ ಇದೆ. ನೀರು ತುಂಬಾ ಬಿಸಿಯಾದರೆ ಫಾಸ್ಫೇಟ್ ಒಡೆದು ಪ್ರಯೋಜನ ಕಡಿಮೆಯಾಗುತ್ತದೆ, ಹಾಗಾಗಿ ಗೀಸರ್‌ಗೆ ಇದನ್ನೇ ನಂಬಿ ಕೂರುವ ಹಾಗಿಲ್ಲ. ಗೀಸರ್‌ನ ಉಷ್ಣತೆಯನ್ನು 60 ಡಿಗ್ರಿಗೆ ಇಳಿಸಿದರೂ ಸುಣ್ಣ ಕೂರುವುದು ನಿಧಾನವಾಗುತ್ತದೆ. ಅದಕ್ಕೆ ಖರ್ಚೂ ಇಲ್ಲ.

ಈಗ ನಿಜವಾದ ಪೈಪೋಟಿಗೆ ಬರೋಣ: ನಿಂಬೆ ಉಪ್ಪು ಮತ್ತು ಸಾಫ್ಟ್‌ನರ್.

ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್. ನೀರನ್ನು ಮೃದು ಮಾಡಲು ಅಲ್ಲ, ಕೂತ ಸುಣ್ಣವನ್ನು ಬಿಡಿಸಲು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಹಾಕಿ ಶವರ್ ತಲೆಯನ್ನು ಮುಳುಗಿಸಿಟ್ಟರೆ ಬುರುಬುರು ಗುಳ್ಳೆ ಏಳುತ್ತದೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಿರುವುದು ಅದು. ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಮನೆಯೆಲ್ಲ ಗಬ್ಬು ವಾಸನೆ. ನನ್ನ ಓಟು ನಿಂಬೆ ಉಪ್ಪಿಗೆ. ಜಾಸ್ತಿ ಹಾಕಿ ಕುದಿಸಿದರೆ ಮಾತ್ರ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಬಿಳಿ ಪುಡಿ ತಳದಲ್ಲಿ ಕೂರುತ್ತದೆ, ಬೆಚ್ಚಗಿದ್ದರೆ ಸಾಕು. ಅಮೃತಶಿಲೆಯ ಮೇಲೆ ನಿಂಬೆ ಉಪ್ಪು, ವಿನೆಗರ್ ಎರಡನ್ನೂ ಹಾಕಬೇಡಿ, ಕಲ್ಲೇ ಕರಗುತ್ತದೆ. ಬ್ಲೀಚ್ ಜೊತೆ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ನೀರನ್ನೇ ಬದಲಾಯಿಸಿದ್ದು ಸಾಫ್ಟ್‌ನರ್ ಒಂದೇ. ಒಳಗೆ ರೆಸಿನ್ ಮಣಿಗಳಿರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪು ನೀರಿನಿಂದ ತೊಳೆದರೆ ಮತ್ತೆ ಸಿದ್ಧ. ಹಾಕಿಸಿದ ಮೇಲೆ ಮೊದಲ ಹನಿಗೇ ಕಿಟ್ ನೀಲಿಯಾಯಿತು. ಟಿಡಿಎಸ್ ಮೀಟರ್‌ನ ಅಂಕಿ ಮಾತ್ರ ಇಳಿಯಲಿಲ್ಲ. ಒಂದು ಲವಣ ಹೋಗಿ ಇನ್ನೊಂದು ಬಂದಿದೆ, ಇಳಿಯುವುದಾದರೂ ಹೇಗೆ? ಎಷ್ಟೋ ಜನ ಈ ಮೀಟರ್ ನೋಡಿಯೇ ಸಾಫ್ಟ್‌ನರ್ ಕೆಟ್ಟಿದೆ ಅಂತ ಜಗಳಕ್ಕೆ ಹೋಗುತ್ತಾರೆ.

ಸ್ನಾನದಲ್ಲಿ ವ್ಯತ್ಯಾಸ ತಕ್ಷಣ ಗೊತ್ತಾಯಿತು. ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟಾಗುತ್ತದೆ, ಬಕೆಟ್ಟಿನ ಅಂಚಿಗೆ ಹತ್ತುವುದು ಅದೇ. ಈಗ ಚೂರು ಸೋಪಿಗೇ ಬೇಕಾದಷ್ಟು ನೊರೆ. ಆದರೆ ಎಷ್ಟು ತೊಳೆದರೂ ಮೈ ಜಾರುತ್ತದೆ, ಸೋಪು ಹೋಗಿಲ್ಲವೇನೋ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಇದು ಇಬ್ಬರಿಗೆ ಇಷ್ಟ, ಒಬ್ಬರಿಗೆ ಈಗಲೂ ಕಿರಿಕಿರಿ. ಬಟ್ಟೆ ಒಗೆಯುವ ಪುಡಿಯನ್ನು ಕಡಿಮೆ ಮಾಡಬೇಕಾಯಿತು, ಇಲ್ಲದಿದ್ದರೆ ಮೆಷೀನಿನ ತುಂಬಾ ನೊರೆ.

ಇದರ ಕಷ್ಟಗಳೂ ಇವೆ. ಉಪ್ಪು ತುಂಬಿಸುತ್ತಲೇ ಇರಬೇಕು. ತೊಳೆದ ಉಪ್ಪು ನೀರು ಚರಂಡಿಗೆ ಹೋಗುತ್ತದೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ನಮ್ಮ ನೀರಿಗೆ ಅದು 140ರ ಹತ್ತಿರ. ಬಿಪಿ ಇರುವವರಿಗೆ, ಗಿಡಗಳಿಗೆ ಇದು ಒಳ್ಳೆಯದಲ್ಲ. ಅದಕ್ಕೇ ಅಡುಗೆಮನೆಯ ನಲ್ಲಿ ಮತ್ತು ಗಿಡಗಳ ಪೈಪನ್ನು ಸಾಫ್ಟ್‌ನರ್‌ಗಿಂತ ಮುಂಚೆಯೇ ಬೇರೆ ಮಾಡಿಸಿದೆವು. ಗಡಸು ನೀರು ಕುಡಿಯಲು ಹೆದರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಹಾಕಿಲ್ಲ.

ಸ್ವಂತ ಮನೆ, ಇಡಲು ಜಾಗ, ಮೂರು ನಾಲ್ಕು ಜನ ಇದ್ದರೆ ಸಾಫ್ಟ್‌ನರ್ ಹಾಕಿಸಿ. ಪೈಪ್ ಮುಟ್ಟುವಂತಿಲ್ಲದ ಬಾಡಿಗೆ ಮನೆಯಾದರೆ ನಿಂಬೆ ಉಪ್ಪಿನ ಡಬ್ಬ, ಮೆಷೀನಿಗೊಂದು ಫಾಸ್ಫೇಟ್ ಕಾರ್ಟ್ರಿಜ್ ಸಾಕು. ಮ್ಯಾಗ್ನೆಟ್ ಬೇಕಿದ್ದರೆ ನಮ್ಮದೇ ಇದೆ, ಫ್ರಿಜ್ ಬಾಗಿಲಲ್ಲಿ ಚೀಟಿ ಹಿಡಿದುಕೊಂಡಿದೆ.